ಹುಕುಮಿನ ಜೊತೆ ಬಂದ ಪದಗಳು

2020ರ ಏಪ್ರಿಲ್ 30ರಂದು ಕೇಂದ್ರ ಆರೋಗ್ಯ ಸಚಿವಾಲಯ ದೇಶದ ಜಿಲ್ಲೆಗಳಿಗೆಲ್ಲ ಕೆಂಪು, ಕಿತ್ತಳೆ, ಹಸಿರು ಬಣ್ಣ ಹಚ್ಚಿ ಒಂದು ಪಟ್ಟಿ ಕಳಿಸಿತು. ಅದರಲ್ಲಿ ಯಾದಗಿರಿ ಹಸಿರು. ಪಕ್ಕದ ಕಲಬುರಗಿಯಲ್ಲಿ ಮಾರ್ಚ್ 10ರಂದೇ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿತ್ತು. ಹಾಗಾಗಿ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ಈ ಹಸಿರಿಗೆ ವಿಶೇಷ ಬೆಲೆ ಬಂತು. ಪಟ್ಟಿಯ ಲೆಕ್ಕದಲ್ಲಿ ಹಸಿರು ವಲಯವೆಂದರೆ ಈವರೆಗೆ ಒಂದೂ ಪ್ರಕರಣ ದೃಢಪಟ್ಟಿಲ್ಲ, ಇಲ್ಲವೇ 21 ದಿನಗಳಿಂದ ಹೊಸದು ದೃಢಪಟ್ಟಿಲ್ಲ ಎಂದಷ್ಟೇ ಅರ್ಥ. ಜನ ಓದಿಕೊಂಡದ್ದು ಬೇರೆ: ನಮ್ಮಲ್ಲಿ ರೋಗ ಇಲ್ಲ. ಮೇ ನಡುವಿನ ಹೊತ್ತಿಗೆ ಜಿಲ್ಲೆಯ ಮೊದಲ ಪ್ರಕರಣಗಳು ವರದಿಯಾದವು. ಮುಂಬಯಿ, ಪುಣೆಗೆ ಗುಳೆ ಹೋಗಿದ್ದವರು ಊರಿಗೆ ಮರಳುತ್ತಿದ್ದಂತೆ ಸಂಖ್ಯೆ ಏರುತ್ತಲೇ ಹೋಯಿತು.

ಆ ದಿನಗಳಲ್ಲಿ ಹಳ್ಳಿಗಳಲ್ಲಿ ಒಂದು ಮಾತು ಓಡಾಡುತ್ತಿತ್ತು. ‘ಟೆಸ್ಟ್ ಮಾಡಿದ್ರ ಬರ್ತದ, ಮಾಡಲಿಲ್ಲಂದ್ರ ಬರಂಗಿಲ್ಲ.’ ಓದಿದವರು ಇದನ್ನು ಅಜ್ಞಾನದ ಮಾದರಿಯೆಂದು ಎತ್ತಿ ಆಡಿಕೊಂಡರು. ಆದರೆ ಹಸಿರು ವಲಯದ ವ್ಯಾಖ್ಯೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪ್ರಕರಣ ದೃಢಪಡಬೇಕಾದರೆ ಪರೀಕ್ಷೆ ಆಗಬೇಕು; ಪರೀಕ್ಷೆ ಆಗದ ಜಿಲ್ಲೆಯೂ ಪಟ್ಟಿಯಲ್ಲಿ ಹಸಿರೇ. ಹಳ್ಳಿಯ ಮಾತೂ ಸಚಿವಾಲಯದ ವ್ಯಾಖ್ಯೆಯೂ ಒಂದೇ ತರ್ಕದ ಮೇಲೆ ನಿಂತಿದ್ದವು. ನಕ್ಕದ್ದು ಮಾತ್ರ ಒಂದಕ್ಕೆ.

ಸಾಂಕ್ರಾಮಿಕದ ಕಾಲದಲ್ಲಿ ಜನ ವೈಜ್ಞಾನಿಕ ಪದಗಳನ್ನು ತಪ್ಪಾಗಿ ತಿಳಿದರು ಎಂಬ ದೂರನ್ನು ಒಪ್ಪುವ ಮೊದಲು, ಆ ಪದಗಳನ್ನು ಅವರಿಗೆ ಕಲಿಸಿದವರು ಯಾರು, ಹೇಗೆ ಕಲಿಸಿದರು ಎಂದು ಕೇಳುವುದು ನ್ಯಾಯ. ಈ ಪ್ರಶ್ನೆ ಹೊಸದೇನಲ್ಲ. ಪದದ ಅರ್ಥ ಮನುಷ್ಯನಿಗೆ ಎಲ್ಲಿಂದ ತಿಳಿಯುತ್ತದೆ ಎಂಬುದಕ್ಕೆ ಮೀಮಾಂಸಕರು ಒಂದು ಸೊಗಸಾದ ದೃಷ್ಟಾಂತ ಕೊಡುತ್ತಾರೆ. ಹಿರಿಯನೊಬ್ಬ ಇನ್ನೊಬ್ಬನಿಗೆ ಹಸುವನ್ನು ತಾ ಅನ್ನುತ್ತಾನೆ. ಅವನು ಹೋಗಿ ತರುತ್ತಾನೆ. ಪಕ್ಕದಲ್ಲಿ ನಿಂತ ಮಗು ನೋಡುತ್ತದೆ. ಆಮೇಲೆ ಹಸುವನ್ನು ಕಟ್ಟು, ಕುದುರೆಯನ್ನು ತಾ ಎಂಬ ಮಾತುಗಳು ಬರುತ್ತವೆ. ಯಾವ ಮಾತಿಗೆ ಯಾವ ಕೆಲಸ ನಡೆಯಿತೆಂದು ನೋಡಿನೋಡಿ ಮಗು ಹಸು ಯಾವುದು, ಕಟ್ಟುವುದೆಂದರೇನು ಎಂದು ಬಿಡಿಸಿಕೊಳ್ಳುತ್ತದೆ. ಇದಕ್ಕೆ ವೃದ್ಧವ್ಯವಹಾರ ಎಂದು ಹೆಸರು. ಪ್ರಾಭಾಕರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪದ ಒಂಟಿಯಾಗಿ ಅರ್ಥ ಕೊಡುವುದೇ ಇಲ್ಲ, ಮಾಡಬೇಕಾದ ಕಾರ್ಯದೊಡನೆ ಬೆಸೆದುಕೊಂಡೇ ಅದು ತಿಳಿಯುತ್ತದೆ ಎಂದು ವಾದಿಸಿದರು. ಕುಮಾರಿಲ ಭಟ್ಟನ ಕಡೆಯವರು ಇದನ್ನು ಒಪ್ಪಲಿಲ್ಲ. ಸಾವಿರ ವರ್ಷ ಮೀರಿದ ಆ ವಾದವನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ಆದರೆ 2020ರ ಕರ್ನಾಟಕವನ್ನು ಸಾಕ್ಷಿ ಹೇಳಲು ಕರೆದರೆ ಅದು ಪ್ರಾಭಾಕರರ ಕಡೆಗೇ ವಾಲುತ್ತದೆ.

ಕ್ವಾರಂಟೈನ್ ಎಂಬ ಮಾತನ್ನೇ ತೆಗೆದುಕೊಳ್ಳಿ. ವೈದ್ಯರ ಪುಸ್ತಕದಲ್ಲಿ ಅದು ಸೋಂಕು ತಗುಲಿರಬಹುದಾದ, ಆದರೆ ಇನ್ನೂ ಆರೋಗ್ಯವಾಗಿರುವವರನ್ನು ಕೆಲವು ದಿನ ಬೇರೆಯಿರಿಸಿ ನೋಡುವುದು. ರೋಗ ಖಚಿತವಾದವರನ್ನು ಬೇರೆಯಿಡುವುದು ಐಸೋಲೇಷನ್. ಎರಡಕ್ಕೂ ಅಜಗಜಾಂತರ. ಆದರೆ ಊರಿನವರು ಪುಸ್ತಕ ನೋಡಿರಲಿಲ್ಲ, ನಡೆದದ್ದನ್ನು ನೋಡಿದ್ದರು. ಮಾರ್ಚ್‌ನಲ್ಲಿ ಹೊರದೇಶದಿಂದ ಬಂದವರ ಕೈಗೆ ಅಳಿಸಲಾಗದ ಶಾಯಿಯ ಮುದ್ರೆ ಒತ್ತಿದರು. ಹೋಂ ಕ್ವಾರಂಟೈನಿನಲ್ಲಿ ಇದ್ದವರ ವಿಳಾಸಗಳನ್ನು ರಾಜ್ಯ ಸರ್ಕಾರವೇ ಬಹಿರಂಗಪಡಿಸಿತು. ಬಾಗಿಲಿಗೆ ಪೋಸ್ಟರ್ ಅಂಟಿಸಿದರು. ಮುಂಬಯಿಯಿಂದ ಬಂದ ಕೂಲಿಕಾರರನ್ನು ಶಾಲೆ, ಹಾಸ್ಟೆಲ್‌ಗಳಲ್ಲಿ ಕೂಡಿ ಹಾಕಿದರು. ‘ಒಯ್ದು ಕ್ವಾರಂಟೈನ್ ಮಾಡ್ಯಾರ’ ಎಂಬ ವಾಕ್ಯ ಹುಟ್ಟಿದ್ದು ಹಾಗೆ; ಕ್ವಾರಂಟೈನ್ ಒಬ್ಬರು ಇನ್ನೊಬ್ಬರಿಗೆ ‘ಮಾಡುವ’ ಸಂಗತಿಯಾಯಿತು. ಸಾಂಕ್ರಾಮಿಕ ರೋಗಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲದ ಸೀಲ್‌ಡೌನ್ ಎಂಬ ಪದವನ್ನಂತೂ ಆಡಳಿತ, ಪತ್ರಿಕೆಗಳೇ ಚಲಾವಣೆಗೆ ತಂದವು. ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನಲ್ಲಿ ಪಾಲಿಕೆ ಸಿಬ್ಬಂದಿ ಮನೆಬಾಗಿಲಿಗೆ ತಗಡು ಬಡಿದರು, ಆಮೇಲೆ ಆಯುಕ್ತರು ಕ್ಷಮೆ ಕೇಳಬೇಕಾಯಿತು. ಡಿಸೆಂಬರ್ 9ರಂದು ಸುಪ್ರೀಂ ಕೋರ್ಟು, ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟ ಆದೇಶವಿಲ್ಲದೆ ಕೋವಿಡ್ ರೋಗಿಗಳ ಮನೆಗೆ ಪೋಸ್ಟರ್ ಹಚ್ಚುವಂತಿಲ್ಲ ಎಂದಿತು. ಅಷ್ಟರಲ್ಲಿ ಪಾಠ ಮುಗಿದಿತ್ತು. ಕ್ವಾರಂಟೈನ್ ಎಂದರೆ ಶಿಕ್ಷೆ ಎಂದು ಕಲಿತವರು ಕಲಿಸಿದ್ದನ್ನೇ ಕಲಿತಿದ್ದರು.

ರೋಗ ಬಂದಾಗ ದೂರ ಇರಬೇಕು ಎಂಬ ತಿಳಿವಳಿಕೆಯೇ ಇಲ್ಲಿನವರಿಗೆ ಇರಲಿಲ್ಲ ಎನ್ನುವುದು ಸುಳ್ಳು. ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿತ್ತು. ಮೈಮೇಲೆ ಅಮ್ಮ ಎದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು, ಹೊರಗಿನವರು ಅದನ್ನು ಕಂಡು ಹೊಸ್ತಿಲು ದಾಟುತ್ತಿರಲಿಲ್ಲ. ಬೇವಿನ ಸೊಪ್ಪೂ ಒಂದು ಗುರುತೇ, ಪೋಸ್ಟರೂ ಒಂದು ಗುರುತೇ. ಸೊಪ್ಪನ್ನು ಮನೆಯವರೇ ಕಟ್ಟಿಕೊಳ್ಳುತ್ತಿದ್ದರು.

ಹುಕುಮಿನಿಂದ ಪದ ಕಲಿತದ್ದಕ್ಕೆ ಎದುರು ಸಾಕ್ಷಿ ಯಾದಗಿರಿ ಜಿಲ್ಲೆಯದೇ ಆದ ಭೀಮರಾಯನಗುಡಿಯಲ್ಲಿದೆ. ಈ ಊರು ಬೆಳೆದದ್ದು ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕ್ವಾರ್ಟರ್ಸುಗಳ ಸುತ್ತ. ಬಸವಸಾಗರ ಜಲಾಶಯದಲ್ಲಿ ಎಷ್ಟು ಟಿಎಂಸಿ ನೀರಿದೆ, ನಾರಾಯಣಪುರ ಎಡದಂಡೆ ಕಾಲುವೆಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ಸರದಿಯಂತೆ ನೀರು ಬಿಡುವ ವಾರಾಬಂದಿ ಎಂದಿನಿಂದ, ಟೇಲ್ ಎಂಡಿಗೆ ನೀರು ಮುಟ್ಟಿತೋ ಇಲ್ಲವೋ ಎಂಬುದನ್ನು ಸುತ್ತಲಿನ ರೈತರು ಎಂಜಿನಿಯರರಷ್ಟೇ ಸಲೀಸಾಗಿ ಮಾತಾಡುತ್ತಾರೆ; ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ) ಕಚೇರಿಯ ಲೆಕ್ಕ ಹೊಂದದಿದ್ದರೆ ಜಗಳಕ್ಕೂ ನಿಲ್ಲುತ್ತಾರೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಎಂದು ಎಲ್ಲರೂ ಬಾಯಿಪಾಠ ಹೇಳಲಿಕ್ಕಿಲ್ಲ. ಆದರೂ ಪದ ಅವರ ಕೈಯಲ್ಲಿದೆ. ಕಾರಣ ಸರಳ: ಕಚೇರಿ ಹೇಳಿದ ಸಂಖ್ಯೆ ನಿಜವೋ ಅಲ್ಲವೋ ಎಂದು ಅವರು ತಮ್ಮ ಕಾಲುವೆಯ ದಂಡೆಯ ಮೇಲೆ ನಿಂತು ನೋಡಬಲ್ಲರು. ಕೋವಿಡ್ಡಿನ ಪದಗಳಿಗೆ ಇಂಥ ದಂಡೆ ಇರಲಿಲ್ಲ. ಗಂಟಲಿನ ದ್ರವ ಎಲ್ಲಿಗೋ ಹೋಗುತ್ತಿತ್ತು, ಫಲಿತಾಂಶ ಮೊಬೈಲಿಗೆ ಬರುತ್ತಿತ್ತು, ಅದರ ಹಿಂದೆಯೇ ಆಂಬುಲೆನ್ಸ್.

ಹಾಗೆಂದು ಜನರ ಎಲ್ಲ ತಪ್ಪನ್ನೂ ಆಡಳಿತದ ತಲೆಗೆ ಕಟ್ಟಿದರೆ ಅದೂ ಒಂದು ಸೋಮಾರಿತನ. ನಿಜವಾದ ಗೊಂದಲಗಳೂ ಇದ್ದವು, ಅವು ಓದಿದವರಲ್ಲೇ ಹೆಚ್ಚು. 2021ರ ಎರಡನೇ ಅಲೆಯಲ್ಲಿ ‘ಸಿಟಿ ಎಷ್ಟು ಬಂತು?’ ಎಂದು ಎಲ್ಲರೂ ಕೇಳುತ್ತಿದ್ದರು. ಸಿಟಿ ಎರಡಿದ್ದವು. ಆರ್‌ಟಿ-ಪಿಸಿಆರ್ ವರದಿಯ ಸಿಟಿ ವ್ಯಾಲ್ಯೂ ಎಂದರೆ ವೈರಸ್ಸಿನ ಗುರುತು ಸಿಗಲು ಯಂತ್ರ ಎಷ್ಟು ಸುತ್ತು ತಿರುಗಬೇಕಾಯಿತು ಎಂಬ ಎಣಿಕೆ. ಅದು ಕಡಿಮೆಯಿದ್ದಷ್ಟೂ ಮಾದರಿಯಲ್ಲಿ ವೈರಸ್ ಹೆಚ್ಚು. ಎದೆಯ ಸಿಟಿ ಸ್ಕ್ಯಾನಿನ ಸ್ಕೋರು 25ಕ್ಕೆ ಇಷ್ಟು ಎಂದು ಬರುತ್ತಿತ್ತು. ಅದು ಹೆಚ್ಚಿದ್ದಷ್ಟೂ ಶ್ವಾಸಕೋಶಕ್ಕೆ ಪೆಟ್ಟು ಹೆಚ್ಚು. ಒಂದರಲ್ಲಿ 20 ಇದ್ದರೆ ಒಂದು ಅರ್ಥ, ಇನ್ನೊಂದರಲ್ಲಿ 20 ಇದ್ದರೆ ಜೀವಕ್ಕೇ ಗಂಡಾಂತರ. ಅಷ್ಟೇ ಅಲ್ಲ, ಸಿಟಿ ವ್ಯಾಲ್ಯೂ ನೋಡಿ ರೋಗದ ತೀವ್ರತೆ ಅಳೆಯಲಾಗದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮೊದಲೇ ಹೇಳಿತ್ತು. ಯಾರು ಕೇಳಬೇಕು?

ಲಸಿಕೆಯ ಶೇಕಡಾವಾರು ಇದಕ್ಕಿಂತ ದುಬಾರಿಯಾದ ತಪ್ಪು. ಕೊವ್ಯಾಕ್ಸಿನ್ ಶೇ 77.8ರಷ್ಟು ಪರಿಣಾಮಕಾರಿ ಎಂದು ಪ್ರಕಟವಾದಾಗ, ಹಾಗಾದರೆ ಲಸಿಕೆ ಹಾಕಿಸಿಕೊಂಡ ನೂರು ಜನರಲ್ಲಿ 22 ಮಂದಿಗೆ ರೋಗ ಬಂದೇ ಬರುತ್ತದೆ ಎಂದು ಬಹಳ ಮಂದಿ ಲೆಕ್ಕ ಹಾಕಿದರು. ಪ್ರಯೋಗದಲ್ಲಿ ನಡೆದದ್ದು ಇದು: ಎರಡು ಗುಂಪು, ಒಂದೊಂದರಲ್ಲೂ ಸುಮಾರು 8,500 ಜನ. ಹುಸಿ ಚುಚ್ಚುಮದ್ದು ಪಡೆದವರಲ್ಲಿ ರೋಗಲಕ್ಷಣ ಕಂಡು ಸೋಂಕು ಖಚಿತವಾದವರು 106, ನಿಜ ಲಸಿಕೆ ಪಡೆದವರಲ್ಲಿ 24. ಆ 106ಕ್ಕೆ ಹೋಲಿಸಿದರೆ 24 ಎಷ್ಟು ಕಡಿಮೆ ಎಂಬುದೇ ಸ್ಥೂಲವಾಗಿ ಆ 77.8. ಇದನ್ನು ತಿಳಿಯಲು ಭೀಮರಾಯನಗುಡಿಯವರು ದೂರ ಹೋಗಬೇಕಾಗಿರಲಿಲ್ಲ. ಅಲ್ಲಿನ ಕೃಷಿ ಮಹಾವಿದ್ಯಾಲಯದ ತಾಕುಗಳಲ್ಲಿ ಹೊಸ ತಳಿಯ ಪಕ್ಕದಲ್ಲಿ ಹಳೆಯ ತಳಿಯನ್ನು ‘ಚೆಕ್’ ಎಂದು ಬಿತ್ತಿರುತ್ತಾರೆ. ಹೊಸದು ಎಷ್ಟು ಮೇಲು ಎಂಬುದು ಈ ಚೆಕ್ಕಿಗೆ ಹೋಲಿಸಿದ ಮಾತು. ಲಸಿಕೆಯ ಪ್ರಯೋಗದ ವಿಧಾನ ಹುಟ್ಟಿದ್ದೂ ಹೊಲದಲ್ಲೇ. 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆರ್. ಎ. ಫಿಶರ್ ಬೆಳೆಗಾಗಿ ರೂಪಿಸಿದ ಪದ್ಧತಿ 1948ರ ಸ್ಟ್ರೆಪ್ಟೊಮೈಸಿನ್ ಪ್ರಯೋಗದ ಹೊತ್ತಿಗೆ ಆಸ್ಪತ್ರೆಗೆ ಬಂತು. ತೊಗರಿ, ಹತ್ತಿಯ ತಾಕಿನ ಮುಂದೆ ನಿಂತು ಈ ಶೇಕಡಾವಾರನ್ನು ಹತ್ತು ನಿಮಿಷದಲ್ಲಿ ವಿವರಿಸಬಹುದಿತ್ತು. ‘ಲಸಿಕೆ ತಗೊಂಡ ಮ್ಯಾಲೂ ಬಂತಲ್ಲ’ ಎಂಬ ದೂರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಇನ್ನೊಂದಿರಲಿಲ್ಲ.

ಪದ ಹುಟ್ಟಿಸಿದವರೇ ಅದನ್ನು ತಪ್ಪಾಗಿ ಬಳಸಿದರೆ? 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಏರ್‌ಬೋರ್ನ್ ಅಲ್ಲವೆಂದು ಖಡಾಖಂಡಿತವಾಗಿ ಸಾರಿತು. ಆಸ್ಪತ್ರೆಯ ಸೋಂಕು ನಿಯಂತ್ರಣದವರಿಗೆ ಆ ಪದ ದಡಾರ, ಕ್ಷಯದಂಥ ಕೆಲವೇ ರೋಗಗಳಿಗೆ ಮೀಸಲು. ಐದು ಮೈಕ್ರಾನ್‌ಗಿಂತ ದೊಡ್ಡ ಕಣವನ್ನು ಅವರು ಹನಿ ಎಂದು ಬೇರೆ ಹಾಕಿಬಿಟ್ಟಿದ್ದರು. ಉಳಿದ ಜಗತ್ತಿಗೆ ಕೇಳಿಸಿದ್ದು, ಗಾಳಿಯಲ್ಲಿ ಬರುವುದಿಲ್ಲ ಎಂದು. ಜುಲೈನಲ್ಲಿ 239 ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ಪರಿಭಾಷೆಯನ್ನೇ ಹೊಸದಾಗಿ ಕಟ್ಟಿ ಸಂಸ್ಥೆ ದಾಖಲೆ ಹೊರಡಿಸಿದ್ದು 2024ರ ಏಪ್ರಿಲ್‌ನಲ್ಲಿ. ನಡುವಿನ ದಿನಗಳಲ್ಲಿ ಜನ ಕಾಯಿಪಲ್ಲೆ ತೊಳೆಯುತ್ತ, ನೋಟಿಗೆ ಸ್ಯಾನಿಟೈಸರ್ ಹಚ್ಚುತ್ತ ಕೂತರು. ಕಿಟಕಿ ತೆರೆಯಿರಿ ಎಂಬ ಮಾತಿಗೆ ಸಿಗಬೇಕಾದ ಜಾಗ ಸಿಗಲಿಲ್ಲ. ಜನ ತಪ್ಪು ತಿಳಿದರು ಎಂದು ಇಲ್ಲಿ ಯಾರೂ ಹೇಳುವಂತಿಲ್ಲ.

ಬೆಂಕಿ ಬಿದ್ದಾಗ ವ್ಯಾಖ್ಯೆ ಹೇಳುತ್ತ ಕೂರಲಾಗದು, ಆಗ ಹುಕುಮೇ ಸರಿ ಎಂದು ಅಧಿಕಾರಿಗಳು ವಾದಿಸಬಹುದು. ಮೊದಲ ವಾರಕ್ಕೆ ಅದು ನಿಜ. ಆದರೆ ಹುಕುಮಿನಿಂದ ಕಲಿತ ಪದ ಹುಕುಂ ನಿಂತ ಮೇಲೂ ಹಾಗೇ ಉಳಿಯುತ್ತದೆ. ಟೆಸ್ಟ್ ಎಂದರೆ ಒಯ್ಯುವುದು ಎಂದು ಕಲಿತವರು ಎರಡನೇ ಅಲೆಯಲ್ಲಿ ಜ್ವರ ಬಂದರೂ ಬಾಯಿ ಬಿಡಲಿಲ್ಲ.

ಈ ಪಾಠ ಯಾದಗಿರಿ ಜಿಲ್ಲೆಗೆ ಹಳೆಯ ಕತೆಯಾಗಿ ಉಳಿದಿಲ್ಲ. 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ವಾಂತಿ-ಭೇದಿಯಾಗಿ ಸಾವುಗಳಾದವು. ಜಲಜೀವನ ಮಿಷನ್ ಊರಿಗೆ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ಪದ್ಧತಿ ತಂದಿದೆ. ಪುಟ್ಟ ಬಾಟಲಿಗೆ ನೀರು ತುಂಬಿ ಇಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಒಂದೆರಡು ದಿನದಲ್ಲಿ ಅದು ಕಪ್ಪಾಗುತ್ತದೆ. ಪಾಸಿಟಿವ್ ಎಂಬ ಪದಕ್ಕೆ ಕಡೆಗೂ ಒಂದು ಕಾಲುವೆ ದಂಡೆ ಸಿಕ್ಕಂತಾಯಿತು. ಆದರೆ ಬಾಟಲಿ ಕಪ್ಪಾಗದಿದ್ದರೆ? ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾಗಿತ್ತು. ಆರ್ಸೆನಿಕ್ಕನ್ನು ಈ ಬಾಟಲಿ ತೋರಿಸುವುದಿಲ್ಲ. ಕೋವಿಡ್ಡಿನ ರ‍್ಯಾಪಿಡ್ ಟೆಸ್ಟಿನಲ್ಲೂ ಆದದ್ದು ಇದೇ: ಲಕ್ಷಣವಿದ್ದು ನೆಗೆಟಿವ್ ಬಂದವರನ್ನು ಮತ್ತೆ ಆರ್‌ಟಿ-ಪಿಸಿಆರ್‌ಗೆ ಒಳಪಡಿಸಿ ಎಂದು 2020ರ ಜೂನ್‌ನಲ್ಲೇ ಐಸಿಎಂಆರ್ ಹೇಳಿದ್ದರೂ, ನೆಗೆಟಿವ್ ಚೀಟಿ ಹಿಡಿದು ಮದುವೆಗೆ ಹೋದವರಿಗೆ ಲೆಕ್ಕವಿಲ್ಲ. ಆ ಐವರಿಗೆ ತರಬೇತಿಯ ಮೊದಲ ದಿನವೇ, ನೆಗೆಟಿವ್ ಬಂದರೆ ‘ಯಾವುದಕ್ಕೆ ನೆಗೆಟಿವ್?’ ಎಂದು ಕೇಳುವುದನ್ನು ಕಲಿಸಬೇಕು. ಕಪ್ಪಾದರೆ ಯಾವ ನಳ ಬಂದ್ ಮಾಡಬೇಕು, ಟ್ಯಾಂಕರಿಗೆ ಯಾರನ್ನು ಕೇಳಬೇಕು ಎಂಬುದನ್ನೂ ಅವತ್ತೇ ಹೇಳಿ, ನಳ ಬಂದ್ ಮಾಡಿಸುವ ಅಧಿಕಾರವನ್ನು ಅವರಿಗೇ ಕೊಡಬೇಕು.