ಪ್ರತಿರೋಧಕ್ಕೂ ಮಿತಿ ಉಂಟು

ವನಸ್ಪತಿಕಾಯದ ಜೀವಗಳು ಏಕೇಂದ್ರಿಯಗಳು. ಸ್ಪರ್ಶೇಂದ್ರಿಯವೊಂದೇ ಅವುಗಳಿಗೆ ಉಂಟೆಂದು ಜಿನಾಗಮ ಸಾರುತ್ತದೆ. ಓಡಲಾರದ, ಕೂಗಲಾರದ ಇಂಥ ಸ್ಥಾವರ ಜೀವವು ತನ್ನ ಮೇಲೆರಗಿದ ರೋಗವನ್ನು ಹೇಗೆ ಎದುರಿಸುತ್ತದೆ? ನಿಂಬೆ, ಕಿತ್ತಳೆಯ ಕುಲದ ಮರಗಳಲ್ಲಿ ಸಸ್ಯವಿಜ್ಞಾನಿಗಳು ಕಂಡ ಸಂಗತಿಗಳು ಶ್ರಾವಕರು ಮನನ ಮಾಡತಕ್ಕವಾಗಿವೆ.

ರೋಗಾಣು ಎಲೆಯನ್ನು ಹೊಕ್ಕೊಡನೆ ಜೀವಕೋಶಗಳು ಅದರ ಗುರುತು ಹಿಡಿಯುತ್ತವೆ. ಸ್ಯಾಲಿಸಿಲಿಕ್ ಆಮ್ಲವೆಂಬ ಹಾರ್ಮೋನು ಅಲ್ಲಿ ಹೆಚ್ಚಿ, ರಕ್ಷಣಾಕಾರ್ಯ ಮೊದಲಾಗುತ್ತದೆ; ಎಚ್ಚರಿಕೆ ದೂರದ ಎಲೆಗಳಿಗೂ ಮುಟ್ಟುತ್ತದೆ. ಎಲೆ ತಿನ್ನುವ ಹುಳುಗಳನ್ನು ಎದುರಿಸಲು ಜಾಸ್ಮೋನಿಕ್ ಆಮ್ಲವೆಂಬ ಬೇರೊಂದು ಹಾರ್ಮೋನು ಇದೆ. ಇವೆರಡೂ ಅನೇಕ ವೇಳೆ ಒಂದನ್ನೊಂದು ತಡೆಹಿಡಿಯುತ್ತವೆ. ರಕ್ಷಣೆಗೆ ವ್ಯಯವಾದ ಶಕ್ತಿ ಬೆಳವಣಿಗೆಗೆ ಒದಗದು. ಆದುದರಿಂದ ಪ್ರತಿರೋಧವು ಅಗತ್ಯವಿದ್ದಾಗ ಏಳಬೇಕು, ಅಗತ್ಯ ತೀರಿದಾಗ ಅಡಗಬೇಕು.

ಅಡಗದಿದ್ದರೆ ಏನಾಗುತ್ತದೆ? ಏಷ್ಯಾದಲ್ಲಿ ಬಹುಕಾಲದಿಂದ ಇದ್ದ ಸಿಟ್ರಸ್ ಗ್ರೀನಿಂಗ್ ರೋಗವು 2005ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿಕೊಂಡು, ಅಲ್ಲಿಯ ಕಿತ್ತಳೆ ತೋಟಗಳನ್ನು ಹಾಳುಗೆಡವಿತು. ಸಣ್ಣದೊಂದು ಕೀಟ ಒಯ್ಯುವ ಈ ರೋಗಾಣು ಮರದ ಆಹಾರರಸದ ನಾಳಗಳಲ್ಲಿ ನೆಲಸುತ್ತದೆ. ಸ್ಯಾಲಿಸಿಲಿಕ್ ಆಮ್ಲವನ್ನು ಒಡೆಯುವ ಕಿಣ್ವವೂ ಅದರಲ್ಲಿದೆ. ಮರವು ಕ್ಯಾಲೋಸ್ ಎಂಬ ಪದಾರ್ಥದಿಂದ ನಾಳಗಳನ್ನು ಮುಚ್ಚುತ್ತದೆ; ಉಗ್ರವಾದ ಆಮ್ಲಜನಕ ಸಂಯುಕ್ತಗಳನ್ನು ಹೊಮ್ಮಿಸುತ್ತದೆ. ಆದರೂ ರೋಗಾಣು ಅಳಿಯದು. ಮರದ ನಾಳಕೋಶಗಳೇ ಸಾಯುತ್ತವೆ, ಬೇರು ಆಹಾರವಿಲ್ಲದೆ ಕ್ಷೀಣಿಸುತ್ತದೆ. ಈ ಹಾನಿಗೆ ಮರದ ಎಡೆಬಿಡದ ಪ್ರತಿರೋಧವೇ ಮುಖ್ಯ ಕಾರಣವೆಂದು 2022ರಲ್ಲಿ ಫ್ಲಾರಿಡಾದ ಸಂಶೋಧಕರು ಪ್ರತಿಪಾದಿಸಿದರು.

ಮರವನ್ನು ದೂಷಿಸುವಂತಿಲ್ಲ; ಅದು ಅಸಂಜ್ಞಿ ಜೀವ. ಮನಸ್ಸುಳ್ಳ ನಮಗಾದರೋ ವಿವೇಕವುಂಟು. ಸಂಕಲ್ಪಿ ಹಿಂಸೆಯನ್ನು ಗೃಹಸ್ಥನು ಬಿಡಲೇಬೇಕು; ಆತ್ಮರಕ್ಷಣೆಗಾಗಿ ಒದಗುವ ವಿರೋಧಿ ಹಿಂಸೆ ಅವನಿಗೆ ಪೂರ್ಣವಾಗಿ ತಪ್ಪದು. ಆದರೆ ಈ ವಿನಾಯಿತಿಗೆ ಮಿತಿ ಇಲ್ಲವೇ?

ಬಸದಿಯ ಭೂಮಿಯನ್ನು ಅನ್ಯರು ಆಕ್ರಮಿಸಿದರೆ ಸುಮ್ಮನಿರಬೇಕೆ ಎಂದು ಕೇಳುವವರುಂಟು. ಖಂಡಿತ ಬೇಡ, ಧರ್ಮಾಯತನದ ರಕ್ಷಣೆ ಶ್ರಾವಕರ ಕರ್ತವ್ಯ. ಆದರೆ ಹಕ್ಕು ದೊರೆತ ಮೇಲೂ ಎದುರಾಳಿಯನ್ನು ಸೋಲಿಸುವ ಹಟಕ್ಕಾಗಿಯೇ ವ್ಯಾಜ್ಯ ಮುಂದುವರಿದರೆ? ಆಹಾರದಾನ, ಶಾಸ್ತ್ರದಾನಗಳಿಗೆ ಮೀಸಲಾದ ಹಣ ನ್ಯಾಯಾಲಯಕ್ಕೆ ಹರಿಯುತ್ತದೆ. ಅಣ್ಣತಮ್ಮಂದಿರು ಒಂದೇ ಬಸದಿಯಲ್ಲಿ ಮುಖ ತಿರುಗಿಸಿ ನಿಲ್ಲುತ್ತಾರೆ. ನಾಳ ಮುಚ್ಚಿತು, ಮುಚ್ಚಿದವರು ನಾವೇ.

ಸಂಜ್ವಲನ ಕ್ರೋಧವನ್ನು ನೀರಿನ ಮೇಲಣ ಗೆರೆಗೂ ಅನಂತಾನುಬಂಧಿ ಕ್ರೋಧವನ್ನು ಕಲ್ಲಿನ ಮೇಲಣ ಗೆರೆಗೂ ನಮ್ಮ ಆಚಾರ್ಯರು ಹೋಲಿಸಿದ್ದಾರೆ. ಪ್ರತಿರೋಧ ಅನಿವಾರ್ಯವಾದಾಗಲೂ ಅದು ನೀರಿನ ಗೆರೆಯಾಗಿರಲಿ. ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮೆ ಬೇಡುವ ದಿನ ಪ್ರತಿ ವರ್ಷವೂ ಬರುತ್ತದೆ. ಆ ದಿನ ಯಾರ ಮುಂದೆ ಕೈಮುಗಿಯಲು ಮನಸ್ಸು ಹಿಂಜರಿಯುವುದೋ, ಅಲ್ಲಿಯೇ ನಮ್ಮ ಪ್ರತಿರೋಧ ಮಿತಿ ಮೀರಿದೆಯೆಂದು ತಿಳಿಯಬೇಕು.