ಮೊದಲೇ ನುಡಿದ ಮಿತಿ

ಸೆಮಿಸ್ಟರ್ ಆರಂಭವಾದ ದಿನ ವಿದ್ಯಾರ್ಥಿಗಳ ಕೈಗೊಂದು ಹಾಳೆ ಬರುತ್ತದೆ. ಅದರಲ್ಲಿ ಪಾಠವಿಲ್ಲ, ಸೂತ್ರವಿಲ್ಲ, ಚಿತ್ರವಿಲ್ಲ. ಹಾಜರಿ ಎಷ್ಟಿರಬೇಕು, ಆಂತರಿಕ ಮೌಲ್ಯಮಾಪನಕ್ಕೆ ಎಷ್ಟು ಅಂಕ, ಅಸೈನ್‌ಮೆಂಟ್ ತಡವಾದರೆ ಏನು, ನಕಲು ಮಾಡಿದರೆ ಏನು ಎಂಬ ಕೆಲವು ಸಾಲುಗಳಿವೆ. ಇಂದು ನಾವು ಯುಬಿಡಿಟಿ ಎನ್ನುವ ಎಂಜಿನಿಯರಿಂಗ್ ಕಾಲೇಜು ದಾವಣಗೆರೆಗೆ ಬಂದದ್ದು 1951ರಲ್ಲಿ. ಬಾಪೂಜಿ ಕಾಲೇಜು ಬಂದದ್ದು 1979ರಲ್ಲಿ. ಅಂದಿನಿಂದ ನಮ್ಮ ವಿನೋಬನಗರ ಬಡಾವಣೆಯ ಎಷ್ಟೋ ಮನೆಗಳಿಗೆ ಇಂಥ ಹಾಳೆಗಳು ಮಕ್ಕಳ ಚೀಲದಲ್ಲಿ ಕುಳಿತು ಬಂದಿರಬೇಕು. ಬಹುಪಾಲು ಮಡಿಕೆ ಬಿಚ್ಚದೆ ಉಳಿದಿರಲೂಬೇಕು. ಅದಕ್ಕೆ ಮಕ್ಕಳನ್ನು ದೂರುವಂತಿಲ್ಲ. ವಿಮೆಯ ಷರತ್ತನ್ನಾಗಲಿ, ಬಾಡಿಗೆಯ ಕರಾರನ್ನಾಗಲಿ, ಔಷಧದ ಪೊಟ್ಟಣದೊಳಗಿನ ಚೀಟಿಯನ್ನಾಗಲಿ ನಾವೂ ಪೂರ್ತಿ ಓದಿದವರಲ್ಲ. ಮಿತಿಯ ಮಾತು ಬಂದೊಡನೆ ನಮ್ಮ ಮನಸ್ಸು ಪುಟ ತಿರುವುತ್ತದೆ.

ಇಂಥ ಹಾಳೆಯೇ ಪಾಠವಾಗಬಲ್ಲ ಒಂದು ವಿಷಯವಿದೆ. ಕನ್‌ಸ್ಟ್ರೇಂಟ್ ಪ್ರೊಸೆಸಿಂಗ್ ಎಂದು ಅದರ ಹೆಸರು. ನಿರ್ಬಂಧಗಳನ್ನು ಗಣಕಕ್ಕೆ ಒಪ್ಪಿಸಿ, ಅವೆಲ್ಲವನ್ನೂ ಮನ್ನಿಸುವ ಉತ್ತರವನ್ನು ಅರಸುವ ಶಾಸ್ತ್ರ ಅದು. ಇಟಲಿಯ ಉಗೊ ಮೊಂಟನಾರಿ 1974ರಲ್ಲಿ ನಿರ್ಬಂಧಗಳ ಜಾಲವನ್ನು ಕುರಿತು ಬರೆದರು. ರೀನಾ ಡೆಕ್ಟರ್ 2003ರಲ್ಲಿ ಶಾಸ್ತ್ರದ ಹೆಸರಿನಲ್ಲೇ ಗ್ರಂಥವೊಂದನ್ನು ಹೊರತಂದರು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಇದು ಸ್ವತಂತ್ರ ಕೋರ್ಸ್. ಮಿಕ್ಕೆಡೆ ಕೃತಕ ಬುದ್ಧಿಮತ್ತೆಯ ಪಠ್ಯದೊಳಗಿನ ಒಂದು ಅಧ್ಯಾಯ. ಪಾಠ ಸಾಮಾನ್ಯವಾಗಿ ಭೂಪಟಕ್ಕೆ ಬಣ್ಣ ಹಚ್ಚುವುದರಿಂದ ತೊಡಗುತ್ತದೆ. ಪ್ರಸಿದ್ಧ ಪಠ್ಯದಲ್ಲಿರುವುದು ಆಸ್ಟ್ರೇಲಿಯಾದ ಭೂಪಟ. ದಾವಣಗೆರೆಯವರು ಅಷ್ಟು ದೂರ ಹೋಗಬೇಕಿಲ್ಲ.

ನಮ್ಮ ಜಿಲ್ಲೆಗೆ ಐದು ನೆರೆಜಿಲ್ಲೆಗಳು: ಹಾವೇರಿ, ವಿಜಯನಗರ, ಚಿತ್ರದುರ್ಗ, ಚಿಕ್ಕಮಗಳೂರು, ಶಿವಮೊಗ್ಗ. ಇದೇ ಕ್ರಮದಲ್ಲಿ ಒಂದೊಂದೂ ತನ್ನ ಮುಂದಿನದನ್ನು ಮುಟ್ಟುತ್ತದೆ. ಕೊನೆಯ ಶಿವಮೊಗ್ಗ ಮರಳಿ ಹಾವೇರಿಯನ್ನು ಮುಟ್ಟುತ್ತದೆ. ಗಡಿ ಹಂಚಿಕೊಂಡವರಿಗೆ ಒಂದೇ ಬಣ್ಣ ಕೂಡದು ಎಂಬುದಷ್ಟೇ ನಿಯಮ. ಕೆಂಪು, ಹಸಿರು, ಕೆಂಪು, ಹಸಿರು ಎಂದು ಸುತ್ತು ಬಂದರೆ ಐದನೆಯದಕ್ಕೆ ಎರಡೂ ತಾಗುತ್ತವೆ. ಮೂರನೆಯ ಬಣ್ಣ ಬೇಕು. ನಡುವಿನ ದಾವಣಗೆರೆ ಐದನ್ನೂ ಮುಟ್ಟುತ್ತದೆ. ಅದಕ್ಕೆ ನಾಲ್ಕನೆಯದೇ ಗತಿ. ಎಂಥ ಭೂಪಟಕ್ಕೂ ನಾಲ್ಕು ಬಣ್ಣ ಸಾಕೆಂದು 1852ರಲ್ಲಿ ಊಹಿಸಿದವರು ಫ್ರಾನ್ಸಿಸ್ ಗುತ್ರಿ. ಗಣಕದ ನೆರವಿನಿಂದ 1976ರಲ್ಲಿ ಅದನ್ನು ಸಾಧಿಸಿದವರು ಅಪೆಲ್ ಮತ್ತು ಹಾಕೆನ್. ಮೂರು ಸಾಲದೆಂದು ತೋರಿಸಲು ಮಾತ್ರ ನಮ್ಮ ಜಿಲ್ಲೆಯೊಂದೇ ಸಾಕು. 1997ರಲ್ಲಿ ಜಿಲ್ಲೆ ರಚನೆಯಾದಾಗ ಉತ್ತರಕ್ಕೆ ವಿಜಯನಗರವಿರಲಿಲ್ಲ, ಬಳ್ಳಾರಿಯಿತ್ತು. ಹೆಸರು ಬದಲಾಯಿತು, ಲೆಕ್ಕ ಬದಲಾಗಲಿಲ್ಲ.

ಬೀದರಿನಿಂದಲೋ ಕೊಡಗಿನಿಂದಲೋ ಮನಬಂದಂತೆ ಬಣ್ಣ ಹಚ್ಚುತ್ತ ಬಂದೆವೆನ್ನೋಣ. ಸುತ್ತಲಿನ ಐದು ಜಿಲ್ಲೆಗಳಿಗೇ ನಾಲ್ಕೂ ಬಣ್ಣ ಮುಗಿದಿರಬಹುದು. ಆಗ ದಾವಣಗೆರೆಗೆ ಏನೂ ಉಳಿಯದು. ಒಂದೊಂದು ಹೆಜ್ಜೆಯೂ ನಿಯಮಬದ್ಧವಾಗಿಯೇ ಇತ್ತು. ಆದರೂ ದಾರಿ ಮುಚ್ಚಿತು. ಗಣಕ ಹಿಂದೆ ಸರಿಯುತ್ತದೆ, ಹಚ್ಚಿದ್ದನ್ನು ಅಳಿಸುತ್ತದೆ, ಮತ್ತೆ ಹಚ್ಚುತ್ತದೆ. ಅದಕ್ಕೆ ನಾಚಿಕೆಯಿಲ್ಲ, ಬೇಸರವಿಲ್ಲ. ಆದರೂ ಶಾಸ್ತ್ರಜ್ಞರು ಅದಕ್ಕೊಂದು ವಿವೇಕವನ್ನು ಕಲಿಸಿದ್ದಾರೆ. ಆಯ್ಕೆ ಅತ್ಯಲ್ಪವಾಗಿ ಉಳಿದಿರುವ ಎಡೆಗೆ ಮೊದಲು ಗಮನ ಕೊಡಬೇಕು. ಪ್ರತಿ ಹೆಜ್ಜೆಯಿಟ್ಟೊಡನೆ ನೆರೆಯವರಿಗೆ ಏನು ಉಳಿಯಿತೆಂದು ನೋಡಬೇಕು. ಕೊನೆಯಲ್ಲಿ ಎದುರಾಗುವ ತೊಡಕು ಮೊದಲೇ ಕಂಡರೆ ಹುಡುಕಾಟ ಎಷ್ಟೋ ಪಾಲು ಕಿರಿದಾಗುತ್ತದೆ.

ಸೆಮಿಸ್ಟರಿನ ಹಾಳೆ ಮಾಡುವ ಕೆಲಸವೂ ಇದೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಂತೆ ಹಾಜರಿ ಶೇ. 85 ಇರಬೇಕು. 40 ತರಗತಿಗಳ ಕೋರ್ಸಿನಲ್ಲಿ ಅದು 34. ಉಳಿದ ಆರು ನಮ್ಮವು. ಮೊದಲ ವಾರದಲ್ಲಿ ಆರು ಎಂಬುದು ಐಶ್ವರ್ಯವೆನಿಸುತ್ತದೆ. ಮಳೆಯ ನೆಪಕ್ಕೊಂದು, ನಿದ್ರೆಗೊಂದು, ಗೆಳೆಯರ ಒತ್ತಾಯಕ್ಕೆ ಎರಡು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆ ಎರಡು ಕೊಡದಿದ್ದರೆ ಹೇಗೆ! ಮುಂದೆ ನಿಜವಾದ ಜ್ವರ ಬರುತ್ತದೆ, ಹಳ್ಳಿಯಲ್ಲಿ ಅಜ್ಜಿ ತೀರಿಕೊಳ್ಳುತ್ತಾರೆ. ಆಗ ಕೈ ಬರಿದು. ಸಕಾರಣವಿದ್ದರೆ ಶೇ. 75ರವರೆಗೆ ಮನ್ನಿಸುವ ಅವಕಾಶವೂ ಇದೆ. ನಿಯಮ ಬರೆದವರಿಗೆ ಮನುಷ್ಯರ ಪರಿಚಯ ಚೆನ್ನಾಗಿಯೇ ಇತ್ತು. ಆದರೆ ತಪ್ಪಿಹೋದ ತರಗತಿಯನ್ನು ಅಳಿಸಿ ಮತ್ತೆ ಹಚ್ಚಲಾಗದು. ಗಣಕಕ್ಕಿರುವ ಹಿಂದಡಿ ಹಾಜರಿ ಪುಸ್ತಕಕ್ಕಿಲ್ಲ. ಸಡಿಲಿಕೆ ಸಂಕಟದ ದಿನಕ್ಕೆಂದು ಇರುವುದು. ನಾವು ಅದನ್ನು ಸುಖದ ದಿನಗಳಲ್ಲೇ ವ್ಯಯಿಸಿಬಿಡುತ್ತೇವೆ. ದೇಹದ ಬಲವನ್ನು, ಕೈಯ ಉಳಿತಾಯವನ್ನು, ಪರರ ಸಹನೆಯನ್ನು ನಾವು ಬಳಸುವ ಬಗೆಯೂ ಹೀಗೆಯೇ ಇದೆ.

ನಕಲಿನ ಸಾಲು ಸ್ವಲ್ಪ ವಿಚಿತ್ರ. ಒಟ್ಟಿಗೆ ಕುಳಿತು ಚರ್ಚಿಸಿ, ಬರೆಯುವುದು ಮಾತ್ರ ನಿಮ್ಮದೇ ಆಗಿರಲಿ ಎಂದು ಅಧ್ಯಾಪಕರು ಹೇಳುತ್ತಾರೆ. ನಕಲಾದ ಉತ್ತರ ಲೆಕ್ಕದ ಎಲ್ಲ ನಿರ್ಬಂಧಗಳನ್ನೂ ಪಾಲಿಸುತ್ತದೆ. ಅದರಲ್ಲಿ ದೋಷ ಹುಡುಕಿದರೂ ಸಿಗದು. ಇಲ್ಲದಿರುವುದು ಹುಡುಕಾಟ ಮಾತ್ರ, ಮತ್ತು ಈ ಶಾಸ್ತ್ರದಲ್ಲಿ ಕಲಿಯಬೇಕಾದದ್ದು ಅದೊಂದೇ.

ಆ ಹಾಳೆಯ ಇನ್ನೊಂದು ಗುಣ ನಮ್ಮ ಗಮನಕ್ಕೆ ಬರುವುದು ವಿರಳ. ಅದು ಬರೆದವರನ್ನೂ ಬಂಧಿಸುತ್ತದೆ. ತರಗತಿಯ ಮೌಲ್ಯಮಾಪನಕ್ಕೆ 50, ಅಂತಿಮ ಪರೀಕ್ಷೆಗೆ 50 ಎಂದು ನುಡಿದ ಮೇಲೆ ನಡುವೆ ಅನುಪಾತ ಬದಲಿಸುವಂತಿಲ್ಲ. ಸಿಟ್ಟು ಬಂದ ದಿನ ಹೊಸ ನಿಯಮ ಹೊಸೆಯುವಂತಿಲ್ಲ. ಮಮತೆ ಉಕ್ಕಿದ ದಿನ ಒಬ್ಬರಿಗಾಗಿ ಹಳೆಯದನ್ನು ಮರೆಯುವಂತಿಲ್ಲ. ಅಧಿಕಾರವುಳ್ಳವರು ತಮ್ಮ ಅಧಿಕಾರವನ್ನು ಮೊದಲ ದಿನವೇ ಅಳೆದು ಎದುರಿಗಿಡುತ್ತಾರೆ. ಅದೊಂದು ಸೌಜನ್ಯ. ಭಾಷೆ ಒಣಗಿದ್ದರಿಂದ ಹಾಗೆ ಕಾಣಿಸುವುದಿಲ್ಲ, ಅಷ್ಟೆ.

ಮಿತಿ ಮೊದಲೇ ತಿಳಿಯದಿದ್ದರೆ ಏನಾಗುತ್ತದೆಂದು ನೋಡಲು ಆಶುವಾಗಿ ಪದ್ಯ ಕಟ್ಟುವ ಅವಧಾನದ ಸಭೆಗೆ ಹೋಗಬೇಕು. ಕನ್ನಡದಲ್ಲಿ ಈ ಕಲೆಗೆ ಮರುಜೀವ ಕೊಟ್ಟ ಶತಾವಧಾನಿ ಆರ್. ಗಣೇಶ್ ಅವರೂ ಎಂಜಿನಿಯರಿಂಗ್ ಓದಿದವರೇ. ಅಷ್ಟಾವಧಾನದ ಎಂಟು ಅಂಗಗಳಲ್ಲಿ ನಿಷೇಧಾಕ್ಷರಿ ಒಂದು. ಪ್ರಶ್ನೆ ಒಡ್ಡುವ ಪೃಚ್ಛಕರು ಪದ್ಯಕ್ಕೊಂದು ವಸ್ತು ಕೊಡುತ್ತಾರೆ. ಅವಧಾನಿ ಒಂದಕ್ಷರ ನುಡಿಯುತ್ತಾರೆ. ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ, ಪೃಚ್ಛಕರು ಅದನ್ನೇ ನಿಷೇಧಿಸುತ್ತಾರೆ. ಅವಧಾನಿ ಬೇರೊಂದನ್ನು ನುಡಿದರೆ ಅದರ ಮುಂದಿನದಕ್ಕೂ ತಡೆ. ಅರ್ಥ ಕೆಡಬಾರದು, ಛಂದಸ್ಸು ಕೆಡಬಾರದು, ನುಡಿದದ್ದನ್ನು ಹಿಂತೆಗೆಯಲೂಬಾರದು. ಕಂದಪದ್ಯವಾದರೆ ಎರಡನೆಯ ಅಕ್ಷರಕ್ಕೆ ಪ್ರಾಸ, ಗಣಕ್ಕೆ ನಾಲ್ಕು ಮಾತ್ರೆ, ವಿಷಮಸ್ಥಾನದಲ್ಲಿ ಜಗಣ ಬಾರದೆಂಬ ಕಟ್ಟಳೆ, ಆರನೆಯ ಗಣ ಜಗಣವೋ ಸರ್ವಲಘುವೋ ಆಗಲೇಬೇಕೆಂಬ ಕಟ್ಟಳೆ. ಕೇಳುವ ನಮಗೆ ಇದೆಲ್ಲ ಭಾರವೆನಿಸುತ್ತದೆ. ಅವಧಾನಿಗೆ ಇವು ಭಾರವಲ್ಲ. ಶತಮಾನಗಳಿಂದ ತಿಳಿದಿರುವ ಈ ನಿಯಮಗಳ ಮೇಲೆ ನಿಂತೇ ಅವರು ಮುಂದಿನ ಅಕ್ಷರಕ್ಕೆ ಕೈಚಾಚುತ್ತಾರೆ. ಕಠಿನವಾದದ್ದು ಬಾಯಿ ತೆರೆದ ಮೇಲೆ ಬರುವ ನಿಷೇಧ.

ಸಭೆಯಲ್ಲಿ ಅದು ವಿದ್ವತ್ತಿನ ವಿನೋದ. ಮನೆಯಲ್ಲಿ ನಾವು ಅರಿಯದೆಯೇ ಪೃಚ್ಛಕರಾಗುತ್ತೇವೆ. ಮಗ ಶಾಖೆ ಆಯ್ದುಕೊಂಡು ಶುಲ್ಕ ಕಟ್ಟಿದ ಮೇಲೆ ನಮಗೆ ಬೇರೆಯದು ಇಷ್ಟವಿತ್ತೆನ್ನುತ್ತೇವೆ. ಸೊಸೆ ಅಡುಗೆ ಮುಗಿಸಿದ ಮೇಲೆ ಇಂದು ಬೆಳ್ಳುಳ್ಳಿ ಕೂಡದಿತ್ತೆಂದು ನೆನಪಿಸುತ್ತೇವೆ. ಗೆಳೆಯ ಹೊರಟುಹೋದ ಮೇಲೆ ಅವನು ಆಡಬಾರದಿದ್ದ ಮಾತು ನಮಗೆ ಹೊಳೆಯುತ್ತದೆ, ಮುನಿಸು ತಿಂಗಳುಗಟ್ಟಲೆ ನಿಲ್ಲುತ್ತದೆ. ನಮ್ಮ ಅಪೇಕ್ಷೆಗಳನ್ನು ನಾವು ಎಲ್ಲಿಯೂ ಬರೆದಿಟ್ಟಿಲ್ಲ, ಯಾರಿಗೂ ಹೇಳಿಲ್ಲ. ಹೇಳದೆಯೇ ತಿಳಿದುಕೊಳ್ಳುವುದು ಪ್ರೀತಿಯ ಲಕ್ಷಣವೆಂದು ಬೇರೆ ನಂಬಿದ್ದೇವೆ. ಒಳಗೆ ಇಣುಕಿ ನೋಡಿದರೆ ಅಲ್ಲಿರುವುದು ಅಳುಕು. ಸ್ಪಷ್ಟವಾಗಿ ಕೇಳಿದರೆ ಸ್ಪಷ್ಟವಾಗಿ ಇಲ್ಲವೆನಿಸಿಕೊಳ್ಳಬೇಕಾದೀತು.

ನಮ್ಮ ಬಡಾವಣೆ ಹೆಸರು ಹೊತ್ತಿರುವ ವಿನೋಬಾ ಭಾವೆಯವರಿಗೆ ಈ ಅಳುಕಿರಲಿಲ್ಲ. ಊರಿಗೆ ಕಾಲೇಜು ಬಂದ ವರ್ಷವೇ, 1951ರ ಏಪ್ರಿಲ್ 18ರಂದು, ಪೋಚಂಪಲ್ಲಿಯಲ್ಲಿ ಭೂಹೀನರಿಗಾಗಿ ಅವರ ಭೂದಾನ ಚಳವಳಿ ಆರಂಭವಾಯಿತು. ಮುಂದೆ ಹಳ್ಳಿಯಿಂದ ಹಳ್ಳಿಗೆ ನಡೆದ ಅವರು ಬೇಡಿಕೆಯನ್ನು ಅಂಕಿಯಲ್ಲೇ ಹೇಳಿದರು: ಭೂಮಿಯಲ್ಲಿ ಆರನೆಯ ಒಂದು ಪಾಲು. ಐವರು ಮಕ್ಕಳಿದ್ದರೆ ತಮ್ಮನ್ನು ಆರನೆಯವನೆಂದು ಎಣಿಸಬೇಕೆಂಬುದು ಅವರ ವಾದ. ಎಷ್ಟು ಕೊಡಬೇಕೆಂಬುದು ಭೂಮಾಲೀಕನಿಗೆ ತಿಳಿದಿತ್ತು. ಇಲ್ಲವೆನ್ನುವ ಸ್ವಾತಂತ್ರ್ಯವೂ ಅವನಿಗಿತ್ತು. ಎಂಥ ನೆಲ ಎಂಬ ಷರತ್ತು ಮಾತ್ರ ಆ ಬೇಡಿಕೆಯಲ್ಲಿರಲಿಲ್ಲ. ದಾನವಾಗಿ ಬಂದದ್ದರಲ್ಲಿ ಕಲ್ಲುನೆಲವೂ ಬಂಜರೂ ಸಾಕಷ್ಟಿದ್ದವು. ಬಿಟ್ಟುಹೋದ ಒಂದು ಸಾಲಿನ ಸಂದಿಯಲ್ಲಿ ನಾವು ಹೀಗೆ ನುಸುಳಿಬಿಡುತ್ತೇವೆ. ಅಧ್ಯಾಪಕರು ವರ್ಷ ಕಳೆದಂತೆ ತಮ್ಮ ಹಾಳೆಗೆ ಹೊಸ ಸಾಲು ಸೇರಿಸುತ್ತ ಹೋಗುವುದು ಅದಕ್ಕೇ ಇರಬೇಕು. ಈಚೆಗೆ ಅಲ್ಲಿ ಚಾಟ್‌ಜಿಪಿಟಿಯ ಹೆಸರೂ ಕಾಣಿಸತೊಡಗಿದೆ.