ಬರೆದವರು ಯಾರು ಎಂದು ಕೇಳುವ ಹಕ್ಕು

ನಮ್ಮ ಕೇರಿಗಳಿಗೆ ಅಕ್ಷರ ತಡವಾಗಿ ಬಂತು. ಬಂದಾಗಲೂ ಅಪ್ಪಣೆಯಾಗಿ ಬಂತು: ಓದು, ಬಾಯಿಪಾಠ ಮಾಡು, ಒಪ್ಪಿಸು. 'ಇದನ್ನು ಬರೆದವರು ಯಾರು? ಅವರಿಗೆ ಹೇಗೆ ಗೊತ್ತು?' ಅಂತ ಕೇಳಿದರೆ ಅಧಿಕಪ್ರಸಂಗ. ಇವತ್ತು ಅಜ್ಜಾವರದಿಂದ ಪಯಸ್ವಿನಿ ದಾಟಿ ಸುಳ್ಯದ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಪ್ರಬಂಧ ಬರೆಯಲು ಕೂತರೆ, ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದನ್ನು ಇಳಿಸಿಕೊಳ್ಳುವುದುಂಟು. ಸೋಮಾರಿಗಳು ಅಂತ ಬಯ್ಯೋದು ಸುಲಭ. ನಾವು ಅದನ್ನು ಹಳೆಯ ವಿಧೇಯತೆ ಎನ್ನುತ್ತೇವೆ.

ನಮ್ಮ ಮಣ್ಣಿನದ್ದೇ ಒಂದು ಉದಾಹರಣೆ. 1834ರಲ್ಲಿ ಕಂಪೆನಿ ಸರಕಾರ ಕೊಡಗನ್ನು ನುಂಗಿತು. ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಎಂದಿತು. 1837ರಲ್ಲಿ ರೈತರು ಎದ್ದರು. ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿನವರೆಗೂ ಹೋದರು. ಈ ಒಂದೇ ಘಟನೆಗೆ ಒಂದು ಕಡೆ 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹೆಸರು, ಅಂದರೆ ಹಾವಳಿ. ಇನ್ನೊಂದು ಕಡೆ 'ಅಮರಸುಳ್ಯದ ಸ್ವಾತಂತ್ರ್ಯ ಸಮರ'. ವಿದ್ಯಾರ್ಥಿ ಯಾವುದನ್ನು ಬರೆಯಬೇಕು? ಎರಡನ್ನೂ ಎದುರಿಗಿಟ್ಟು, ಯಾರು, ಯಾವಾಗ, ಯಾರಿಗಾಗಿ ಹೀಗೆ ಕರೆದರು ಅಂತ ಕೇಳಬೇಕು. ಅಷ್ಟಕ್ಕೇ ನಿಲ್ಲಬಾರದು. ಆ ಗದ್ದೆಗಳಲ್ಲಿ ಬೆನ್ನು ಬಾಗಿಸಿದ ಮೇರರು, ಮುಗೇರರು ಈ ಎರಡು ಕಥೆಗಳಲ್ಲೂ ಎಲ್ಲಿದ್ದಾರೆ? ಕಾಗದದಲ್ಲಿ ಏನಿದೆ ಎಂದು ನೋಡುವಷ್ಟೇ, ಯಾರಿಲ್ಲ ಎಂದು ನೋಡುವುದೂ ಓದು.

ಹಾಗಾದರೆ ನಮ್ಮ ಅಜ್ಜಿ ಹೇಳಿದ್ದೇ ಸತ್ಯವೋ? ಪಾಡ್ದನವೇ ಇತಿಹಾಸವೋ? ಇಲ್ಲಿ ನಾವು ನಮ್ಮೊಂದಿಗೇ ನಿಷ್ಠುರವಾಗಬೇಕು. ಬಾಯಿಮಾತು ಎಂಬ ಕಾರಣಕ್ಕೆ ಅದನ್ನು ಕಸಕ್ಕೆ ಎಸೆಯುವುದು ಅನ್ಯಾಯ. ನಮ್ಮದು ಎಂಬ ಕಾರಣಕ್ಕೆ ಪ್ರಶ್ನಿಸದೆ ಒಪ್ಪುವುದು ಮೋಸ. ಹಾಡಿದವರು ಯಾರು, ಇನ್ನೊಂದು ಊರಿನ ಪಾಠ ಏನು ಹೇಳ್ತದೆ ಅಂತ ಅದನ್ನೂ ಕೇಳಬೇಕು. 1927ರಲ್ಲಿ ಮಹಾಡದಲ್ಲಿ ಮನುಸ್ಮೃತಿಯನ್ನು ಸುಟ್ಟ ಚಳವಳಿಯ ನಾಯಕ ಬಾಬಾಸಾಹೇಬರು, ಅದರ ವಿರುದ್ಧ ಬರೆಯುವಾಗ ಅಧ್ಯಾಯ, ಶ್ಲೋಕಗಳ ಸಂಖ್ಯೆ ಸಮೇತ ಎತ್ತಿ ತೋರಿಸಿದರು. ಶತ್ರುವಿನ ಮಾತನ್ನೂ ತಿರುಚದೆ ಉದ್ಧರಿಸುವುದು ನಮ್ಮ ಸಿಟ್ಟಿನ ಬಲ.

ಇದು ಬರೀ ಮಾರ್ಕಿನ ವಿಷಯ ಅಂದುಕೊಳ್ಳಬೇಡಿ, ಗೆಳೆಯರೆ. ದಕ್ಷಿಣ ಕನ್ನಡದಲ್ಲಿ 'ಡಿ.ಸಿ. ಮನ್ನಾ' ಭೂಮಿ ಎಂಬುದಿದೆ. ಡಿ.ಸಿ. ಅಂದರೆ ಜಿಲ್ಲಾಧಿಕಾರಿ ಅಂತ ತಿಳಿದರೆ ಅಲ್ಲಿಗೇ ಕಥೆ ಮುಗಿಯಿತು. ಅದು ಡಿಪ್ರೆಸ್ಡ್ ಕ್ಲಾಸ್. ಬ್ರಿಟಿಷರ ಕಾಲದಲ್ಲಿ ನಮ್ಮವರಿಗೆಂದು ಕಾದಿರಿಸಿದ ನೆಲ. ಅದರಲ್ಲಿ ಬಹಳಷ್ಟು ಇನ್ನೊಬ್ಬರ ಬೇಲಿಯೊಳಗೆ ಸೇರಿದೆ. ಎರಡು ಅಕ್ಷರದ ಅರ್ಥ ಹುಡುಕುವವನು ಸರ್ವೆ ನಂಬರನ್ನೂ ಹುಡುಕುತ್ತಾನೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಕೊಟ್ಟರೆ ಕಚೇರಿ 30 ದಿನದೊಳಗೆ ಉತ್ತರಿಸಬೇಕು. ಉತ್ತರ ಬಂದಾಗ ಅದನ್ನು ಪಹಣಿಯ ಜೊತೆ, ನಕ್ಷೆಯ ಜೊತೆ, ಊರ ಹಿರಿಯರ ನೆನಪಿನ ಜೊತೆ ತಾಳೆ ನೋಡಲು ಬರಬೇಕು.

ಆ ಅಭ್ಯಾಸ ತಾಲೂಕು ಕಚೇರಿಯ ಕಿಟಕಿ ಎದುರು ಒಮ್ಮೆಲೇ ಬರುವುದಿಲ್ಲ. ಕಾಲೇಜಿನ ಪ್ರಬಂಧದಲ್ಲೇ ಶುರುವಾಗಲಿ. ಪ್ರತಿ ಮಾತಿನ ಕೆಳಗೆ ಎಲ್ಲಿಂದ ತಂದೆವೆಂದು ಬರೆಯೋಣ. ಮೇಷ್ಟ್ರು ಕೇಳದಿದ್ದರೂ ಬರೆಯೋಣ.